ಬೈಕ್ ಜಾರಿ ಅಂಗೈ ಊರಿ ಬಿದ್ದು ಮೂರು ವಾರವಾಯ್ತು, ಎಕ್ಸ್‌ರೇ ನಾರ್ಮಲ್, ಆದರೂ ಮಣಿಕಟ್ಟು ನೋವು. ಯಾವ ಎಣ್ಣೆ ಹಚ್ಚಲಿ, ಯಾವ ವ್ಯಾಯಾಮ ಮಾಡಲಿ?

ಎಣ್ಣೆ ವಿಷಯ ಆಮೇಲೆ. ಮೊದಲು ಒಂದು ಕೆಲಸ ಮಾಡಿ. ನೋವಿರುವ ಕೈಯ ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಂದಕ್ಕೆ ಚಾಚಿ. ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಪಕ್ಕ, ಹುರಿಯಂಥವು ಎದ್ದು ನಿಲ್ಲುತ್ತವೆ. ನಡುವೆ ಒಂದು ಸಣ್ಣ ಗುಳಿ ಬೀಳುತ್ತದೆ. ನಶ್ಯ ಏರಿಸುವವರು ಚಿಟಿಕೆ ಹಾಕಿಕೊಳ್ಳುತ್ತಿದ್ದ ಜಾಗ ಅದು, ಡಾಕ್ಟರುಗಳೂ ಅದಕ್ಕೆ ನಶ್ಯದ ಡಬ್ಬಿ ಅನ್ನುವ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಆ ಗುಳಿಯನ್ನು ಬೆರಳ ತುದಿಯಿಂದ ಒತ್ತಿ. ಒಳ್ಳೆಯ ಕೈಯಲ್ಲೂ ಅದೇ ಜಾಗ ಒತ್ತಿ ನೋಡಿ, ಯಾಕಂದ್ರೆ ಗಟ್ಟಿಯಾಗಿ ಒತ್ತಿದರೆ ಅಲ್ಲಿ ಎಲ್ಲರಿಗೂ ಸ್ವಲ್ಪ ನೋಯುತ್ತದೆ. ಬಿದ್ದ ಕೈಯಲ್ಲಿ ಮಾತ್ರ ಚುಚ್ಚಿದ ಹಾಗಾದರೆ ಎಣ್ಣೆ ಬಾಟಲಿ ಮುಚ್ಚಿಟ್ಟು ನಾಳೆಯೇ ಮೂಳೆ ಡಾಕ್ಟರ ಹತ್ತಿರ ಹೋಗಿ.

ನೀವು ಬೈಕ್ ಜಾರಿ ಅಂಗೈ ಊರಿ ಬಿದ್ದಿದ್ದೀರಿ. ನಾನು ಬಿದ್ದದ್ದು ನಮ್ಮ ಮನೆ ಅಂಗಳದಲ್ಲೇ. ಉಳಿದದ್ದೆಲ್ಲ ಒಂದೇ.

ನಮ್ಮದು ತೀರ್ಥಹಳ್ಳಿ ಕಡೆ. ಆಗಸ್ಟ್ ತಿಂಗಳು, ಅಂಗಳದ ತುಂಬ ಹಾವಸೆ. ಬೆಳಿಗ್ಗೆ ಕೊಟ್ಟಿಗೆಯಿಂದ ಹಾಲಿನ ಚೆಂಬು ಹಿಡಿದು ಬರುವಾಗ ಕಾಲು ಜಾರಿತು. ಚೆಂಬು ಉಳಿಸಲು ಹೋಗಿ ಬಲಗೈ ಅಂಗೈ ಊರಿದೆ. ಹಾಲೂ ಹೋಯಿತು, ಅದು ಬೇರೆ ಮಾತು. ಸಂಜೆಗೆ ಸ್ವಲ್ಪ ಬಾವು. ಪೇಟೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮುರಿದಿಲ್ಲ, ಉಳುಕಿರಬೇಕು ಅಂದರು. ಬ್ಯಾಂಡೇಜ್ ಸುತ್ತಿ, ಕೈಗೆ ಹಾಕಿಕೊಳ್ಳುವ ಒಂದು ಪಟ್ಟಿ ಕೊಟ್ಟು, "ಹತ್ತು ದಿನ ಬಿಟ್ಟು ಬನ್ನಿ, ಇನ್ನೊಂದು ಸಲ ನೋಡೋಣ" ಅಂದರು. ಇದನ್ನು ಅವರು ಬಾಯಲ್ಲಿ ಹೇಳಿದ್ದಷ್ಟೇ ಅಲ್ಲ, ಚೀಟಿಯಲ್ಲಿ ಬರೆದೂ ಕೊಟ್ಟಿದ್ದರು.

ನಾನು ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಅಂತ ಬಿಡಿಸಿ ಹೇಳುತ್ತೇನೆ, ನೀವೂ ಇದೇ ಲೆಕ್ಕ ಹಾಕುತ್ತಿರಬಹುದು. ಹತ್ತನೇ ದಿನಕ್ಕೆ ಸರಿಯಾಗಿ ಮಳೆ ಹೊಳವಾಯಿತು. ಅಡಿಕೆಗೆ ಎರಡನೇ ಸಲದ ಔಷಧಿ ಹೊಡೆಯುವುದು ಬಾಕಿ ಇತ್ತು. ಮಳೆಗಾಲದಲ್ಲಿ ಮರ ಹತ್ತಿ ಔಷಧಿ ಹೊಡೆಯುವವರು ಸಿಗುವುದು ಎಷ್ಟು ಕಷ್ಟ ಅಂತ ಅಡಿಕೆಯವರಿಗೆ ಹೇಳಬೇಕಾಗಿಲ್ಲ. ಅವನು ಬೆಳಿಗ್ಗೆ ಏಳಕ್ಕೇ ಬಂದು ನಿಂತಿದ್ದ. ಬಿಟ್ಟರೆ ಕೊಳೆ ಬಂದು ಅರ್ಧ ಫಸಲು ಉದುರುತ್ತದೆ. ಹೆಂಡತಿ ಹೇಳಿದಳು, "ರೀ, ಇವತ್ತು ಹತ್ತನೇ ದಿನ ಅಲ್ವಾ?" ನಾನು ಕೈ ಮಡಚಿ ಬಿಡಿಸಿ ತೋರಿಸಿದೆ. ಬಾವು ಇಳಿದಿತ್ತು. ನೋವು ಅರ್ಧಕ್ಕರ್ಧ ಇರಲಿಲ್ಲ. "ಇದಕ್ಕೆ ಪೇಟೆಗೆ ಹೋಗಿ ಕಾಯಬೇಕಾ?" ಅಂದೆ. ಅದೇ ಕೈಯಲ್ಲಿ ಸುಣ್ಣ, ಮೈಲುತುತ್ತದ ಬಿಂದಿಗೆ ಎತ್ತಿ ಡ್ರಮ್ಮಿಗೆ ಸುರಿದೆ. ಎಡಗೈಯಲ್ಲಿ ಎತ್ತಬಹುದಿತ್ತು, ಅದೂ ಹೊಳೆಯಲಿಲ್ಲ.

ಇಲ್ಲಿ ನನಗೆ ಗೊತ್ತಿಲ್ಲದೆ ಹೋದದ್ದು ಏನಂದ್ರೆ, ಮಣಿಕಟ್ಟಿನಲ್ಲಿ ಒಂದೇ ಮೂಳೆ ಇಲ್ಲ, ಎಂಟು ಪುಟ್ಟ ಮೂಳೆಗಳಿವೆ. ಅದರಲ್ಲಿ ಹೆಬ್ಬೆರಳ ಬದಿಯದಕ್ಕೆ ಸ್ಕ್ಯಾಫಾಯ್ಡ್ ಅಂತ ಹೆಸರು. ಗಾತ್ರ, ಆಕಾರ ಎರಡರಲ್ಲೂ ಗೋಡಂಬಿ ಇದ್ದ ಹಾಗೆ. ಅಂಗೈ ಊರಿ ಬಿದ್ದಾಗ ಈ ಗೋಡಂಬಿ ನಡುವೆ ಸೀಳು ಬಿಡಬಹುದು. ಕೂದಲೆಳೆಯಷ್ಟು ಸೀಳು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೆ ಹೋಗುವುದು ಮಾಮೂಲು. ಹತ್ತು, ಹದಿನಾಲ್ಕು ದಿನ ಕಳೆದ ಮೇಲೆ ಆ ಅಂಚು ಸ್ವಲ್ಪ ಕರಗಿ ಗೆರೆ ಕಾಣಿಸಿಕೊಳ್ಳುತ್ತದೆ. ಹತ್ತು ದಿನ ಬಿಟ್ಟು ಬನ್ನಿ ಅಂದದ್ದು ಸುಮ್ನೆ ಅಲ್ಲ! ಆ ಡಾಕ್ಟರಿಗೆ ಅನುಮಾನ ಇತ್ತು. ನಾನು ಅದನ್ನು ಫೀಸಿಗೆ ಹೇಳಿದ ಮಾತು ಅಂದುಕೊಂಡೆ.

ಇನ್ನೊಂದು ತಾಪತ್ರಯ ಈ ಮೂಳೆಗೆ ರಕ್ತ ಬರುವ ದಾರಿ. ತೋಟದ ಕಾಲುವೆ ನೀರು ಮೊದಲು ಆಚೆ ತುದಿಗೆ ಹೋಗಿ ಅಲ್ಲಿಂದ ಹಿಂದಕ್ಕೆ ಹರಿದು ಬಂದ ಹಾಗೆ, ಇದಕ್ಕೂ ರಕ್ತ ಬಹುಪಾಲು ಬೆರಳಿನ ಕಡೆಯ ತುದಿಯಿಂದ ಒಳಗೆ ಹೋಗಿ ಮೊಣಕೈ ಕಡೆಗೆ ವಾಪಸ್ಸು ಬರಬೇಕು. ನಡುವೆ ಮುರಿದರೆ ಕಾಲುವೆ ಒಡೆದ ಹಾಗೆ. ಈಚೆ ತುಂಡಿಗೆ ರಕ್ತ ಸಾಲದು. ಕೂಡಲು ತಡ, ಕೆಲವು ಸಲ ಕೂಡುವುದೇ ಇಲ್ಲ, ತುಂಡು ಒಣಗಿಯೂ ಹೋಗಬಹುದು. ಅಲುಗಿಸುತ್ತಾ ಇದ್ದರೆ ಕೇಳಲೇಬೇಡಿ. ಆದರೆ ನೋವು ಮಾತ್ರ ಕಡಿಮೆಯಾಗುತ್ತದೆ. ನಾನು ಮೋಸ ಹೋದದ್ದು ಅಲ್ಲೇ. ಕೈ ಮುರಿದರೆ ಕಿರುಚಿಕೊಳ್ಳುವಷ್ಟು ನೋಯಬೇಕು, ಸೊಟ್ಟ ಆಗಬೇಕು ಅಂತ ನನ್ನ ತಲೆಯಲ್ಲಿತ್ತು. ಇದು ಹಾಗಲ್ಲ. ಮುರಿದ ಕೈಯಲ್ಲೇ ಊಟ ಮಾಡಿದೆ, ಬೈಕ್ ಓಡಿಸಿದೆ, ಮೊಬೈಲ್ ಒತ್ತಿದೆ.

ಮತ್ತೆ ನಾಲ್ಕು ತಿಂಗಳು ಅಮ್ಮನ ಕಾಯಿಸಿದ ಎಣ್ಣೆ, ಮೆಡಿಕಲ್ ಶಾಪಿನ ಮುಲಾಮು, ಭಾವ ತಂದುಕೊಟ್ಟ ಎಲಾಸ್ಟಿಕ್ ಪಟ್ಟಿ. ಉಳುಕು ತೆಗೆಯುವವರೊಬ್ಬರು ಹೆಬ್ಬೆರಳು ಹಿಡಿದು ಎಳೆದರು. ಲಟಕ್ ಅಂತ ಶಬ್ದ ಬಂತು, ಸರಿಯಾಯ್ತು ಅಂದರು. ಇನ್ನೂರು ರೂಪಾಯಿ.

ಗೊತ್ತಾದದ್ದು ಡಿಸೆಂಬರಿನಲ್ಲಿ, ಒಂದು ಮದುವೆ ಮನೆ ಪಂಕ್ತಿಯಲ್ಲಿ. ಊಟ ಮುಗಿಸಿ ನೆಲಕ್ಕೆ ಕೈ ಊರಿ ಏಳಲು ಹೋದೆ, ಮಣಿಕಟ್ಟಿನ ಒಳಗೆ ಬಿಸಿ ಮೊಳೆ ಹೊಡೆದ ಹಾಗಾಯಿತು, ಅರ್ಧ ಎದ್ದವನು ಪಕ್ಕದವರ ಎಲೆ ಮೇಲೆ ಕೂತೆ. ಆಗ ಲೆಕ್ಕ ಹಾಕಿದೆ. ಚೀಲ ನೇತುಹಾಕಿ ಹಿಡಿದರೆ ನೋವಿಲ್ಲ. ಬಾಗಿಲು ದೂಡಿದರೆ ನೋವು. ಮೆಟ್ಟುಗತ್ತಿ ಮುಂದೆ ಅಡಿಕೆ ಸುಲಿಯಲು ಕೂತರೆ ಅರ್ಧ ಗಂಟೆಗೆ ಕೈ ಸೋಲುತ್ತಿತ್ತು. ಅಂಗೈ ಮೇಲೆ ಭಾರ ಬಿದ್ದಾಗಲೇ ಇದು ಎದ್ದು ಬರುತ್ತಿತ್ತು.

ಶಿವಮೊಗ್ಗಕ್ಕೆ ಹೋದೆ. ಸಿ.ಟಿ. ಸ್ಕ್ಯಾನಿನಲ್ಲಿ ಎರಡು ತುಂಡು, ನಡುವೆ ಸಂದಿ. ಆಗಲೇ ಬಂದಿದ್ದರೆ ಸಿಮೆಂಟ್ ಕಟ್ಟಿನಲ್ಲಿ ಎಂಟು, ಹನ್ನೆರಡು ವಾರಕ್ಕೆ ಬಹುಶಃ ಮುಗಿಯುತ್ತಿತ್ತು ಅಂದರು. ಈಗ ಆಪರೇಷನ್ನೇ. ಸೊಂಟದ ಮೂಳೆಯಿಂದ ಚೂರು ತೆಗೆದು ಸಂದಿಗೆ ತುಂಬಿಸಿ, ತಲೆಯಿಲ್ಲದ ಪುಟ್ಟ ಸ್ಕ್ರೂ ಹಾಕಿದರು. ಕೈಗಿಂತ ಸೊಂಟ ಜಾಸ್ತಿ ನೋಯುತ್ತಿತ್ತು, ನಂಬಿದರೆ ನಂಬಿ. ಬೀಡಿ ಸಿಗರೇಟು ಸೇದಿದರೆ ಮೂಳೆ ಕೂಡುವುದಿಲ್ಲ ಅಂತ ಬೈದು ಬಿಡಿಸಿದರು. ಮೂರು ತಿಂಗಳು ಕಟ್ಟು. ಆ ವರ್ಷದ ಕೊಯ್ಲು ಪೂರ್ತಿ ಆಳುಗಳ ಮೇಲೆ. ಮೂಳೆ ಕೂಡಿತು, ಆದರೆ ಕೈ ಇವತ್ತಿಗೂ ಪೂರ್ತಿ ಹಿಂದಕ್ಕೆ ಬಾಗುವುದಿಲ್ಲ. ಅಂಗೈ ಊರಿ ಸೂರ್ಯ ನಮಸ್ಕಾರ ಮಾಡಲು ಆಗುವುದಿಲ್ಲ. ಹಾಗೇ ಬಿಟ್ಟಿದ್ದರೆ ಕೆಲವು ವರ್ಷಕ್ಕೆ ಮಣಿಕಟ್ಟಿನ ಕೀಲು ಸವೆಯುತ್ತಿತ್ತಂತೆ.

ಆಮೇಲೆ ಫಿಸಿಯೋಥೆರಪಿ ಬೆಂಚಿನ ಮೇಲೆ ಆರು ವಾರ ಕೂತಾಗ ಮಣಿಕಟ್ಟು ನೋವಿನ ಪರಿಚಯ ಚೆನ್ನಾಗಿಯೇ ಆಯಿತು. ಮೂರು ತಿಂಗಳ ಮಗು ಇದ್ದ ತಾಯಿಯೊಬ್ಬರಿಗೆ ಹೆಬ್ಬೆರಳ ಬುಡದಲ್ಲಿ ನೋವು. ಕಂಕುಳಿಗೆ ಕೈ ಹಾಕಿ ಮಗು ಎತ್ತೆತ್ತಿ ಅಲ್ಲಿನ ಹುರಿಯಂಥ ಸ್ನಾಯುರಜ್ಜು ಬಾತಿತ್ತು. ಹೆಬ್ಬೆರಳೂ ಸೇರಿ ಅಲುಗದಂತೆ ಹಿಡಿಯುವ ಪಟ್ಟಿ ಕೊಟ್ಟು, ಮಗುವನ್ನು ಕುಂಡಿಯ ಕೆಳಗೆ ಕೈ ಹಾಕಿ ಎತ್ತಲು ಹೇಳಿಕೊಟ್ಟರು. ಹೊಲಿಗೆ ಕೆಲಸದ ಒಬ್ಬರಿಗೆ ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗಿ ಕೈ ಕೊಡವಬೇಕಾಗುತ್ತಿತ್ತು. ಅದು ನರ ಒತ್ತಿದ್ದು. ರಾತ್ರಿ ಮಣಿಕಟ್ಟು ನೇರವಾಗಿಡುವ ಪಟ್ಟಿ ಹಾಕಿ, ಶುಗರ್, ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರು. ಚಿಕುನ್‌ಗುನ್ಯಾ ಬಂದು ತಿಂಗಳುಗಳಾದರೂ ಎರಡೂ ಮಣಿಕಟ್ಟು ಬೆಳಿಗ್ಗೆ ಬಿಗಿಯುವವರು ಇದ್ದರು. ಇವರೆಲ್ಲ ಕೇಳುತ್ತಿದ್ದದ್ದೂ ನಿಮ್ಮದೇ ಪ್ರಶ್ನೆ, ಯಾವ ಎಣ್ಣೆ ಅಂತ. ನೋವು ಯಾವ ಬದಿಯಲ್ಲಿ, ಹೇಗೆ ಶುರುವಾಯಿತು, ಏನು ಮಾಡಿದಾಗ ಬರುತ್ತದೆ ಅನ್ನುವುದು ಗೊತ್ತಾಗದೆ ಎಣ್ಣೆಯ ಹೆಸರು ಹೇಳುವವರನ್ನು ನಾನಂತೂ ನಂಬುವುದಿಲ್ಲ.

ಬರೀ ಉಳುಕಾದರೆ ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷದಂತೆ ಇಟ್ಟು, ಕೈಗೆ ರೆಸ್ಟ್ ಕೊಟ್ಟು, ಆಮೇಲೆ ನಿಧಾನ ಅಲುಗಿಸಿದರೆ ಸಾಕು. ಆದರೆ ಉಳುಕು ಮೂರು ವಾರಕ್ಕೆ ಸಾಕಷ್ಟು ಇಳಿದಿರಬೇಕು. ನಿಮ್ಮದು ಇಳಿದಿಲ್ಲ. ಗುಳಿ ಒತ್ತಿದಾಗ ನೋಯದಿದ್ದರೂ ತೋರಿಸಿ ಅಂತಲೇ ನಾನು ಹೇಳುವುದು. ವ್ಯಾಯಾಮ ಕೇಳಿದ್ದೀರಲ್ಲ, ಮೂಳೆ ಸರಿ ಇದೆ ಅಂತ ಗೊತ್ತಾಗುವವರೆಗೆ ಯಾವ ವ್ಯಾಯಾಮವೂ ಬೇಡ. ಎಳೆಸುವುದಂತೂ ಬೇಡವೇ ಬೇಡ.

ನಾಳೆ ಹೋದಾಗ "ಅಂಗೈ ಊರಿ ಬಿದ್ದೆ, ಮೂರು ವಾರವಾಯಿತು, ಹೆಬ್ಬೆರಳ ಬುಡದಲ್ಲಿ ನೋವು" ಅಂತ ಇಷ್ಟನ್ನೇ ಮೊದಲು ಹೇಳಿ. ಸ್ಕ್ಯಾಫಾಯ್ಡ್‌ಗೆ ಅಂತಲೇ ಕೈ ಓರೆ ಇಟ್ಟು ತೆಗೆಯುವ ಎಕ್ಸ್‌ರೇ ಬೇರೆ ಇದೆ, ಅದು ಬೇಕಾ ಕೇಳಿ. ಅದರಲ್ಲೂ ಕಾಣದೆ ನೋವು ಹಾಗೇ ಇದ್ದರೆ ಎಂ.ಆರ್.ಐ. ಬೇಕಾ ಅಂತಲೂ ಕೇಳಿ, ಸಂಕೋಚ ಬೇಡ. ಹಳೆಯ ಎಕ್ಸ್‌ರೇ ಫಿಲ್ಮ್ ತಗೊಂಡು ಹೋಗಿ. ಕವರಿನ ಒಳಗೂ ಕೈ ಹಾಕಿ ನೋಡಿ. ನನ್ನ ಚೀಟಿ ಸಿಕ್ಕಿದ್ದು ಅಲ್ಲೇ, ನಾಲ್ಕು ತಿಂಗಳ ಮೇಲೆ, ನಾಲ್ಕಾಗಿ ಮಡಚಿಕೊಂಡು.