‘ಲಾಗಿನ್ ಸಕ್ಸೀಡೆಡ್’ ಅಂತ ಬಂದರೂ ಪುಶ್ ಏಕೆ ಆಗದು?

ಡಾಕರ್‌ಫೈಲ್ ಬರೆದು ಇಮೇಜ್ ಬಿಲ್ಡ್ ಮಾಡುವುದು ನಿಮಗೆ ಬರುತ್ತದೆ ಎಂದುಕೊಂಡೇ ಈ ಉತ್ತರಗಳು. ಆ ಇಮೇಜನ್ನು ರಿಜಿಸ್ಟ್ರಿಗೆ, ಅಂದರೆ ಇಮೇಜ್‌ಗಳನ್ನು ಇಡುವ ಆನ್‌ಲೈನ್ ಉಗ್ರಾಣಕ್ಕೆ, ಪುಶ್ ಮಾಡುವಾಗ (ಕಳಿಸುವಾಗ) ಬರುವ ತೊಂದರೆಗಳೇ ಇಲ್ಲಿನ ವಿಷಯ.

ಪ್ರಶ್ನೆ: ಸರ್, ಅಮೆಜಾನ್ ಇಸಿಆರ್‌ಗೆ (ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನ ರಿಜಿಸ್ಟ್ರಿ) ಲಾಗಿನ್ ಆಗುತ್ತದೆ. ಪುಶ್ ಕೊಟ್ಟರೆ ಮಾತ್ರ ‘ನೋ ಬೇಸಿಕ್ ಆತ್ ಕ್ರೆಡೆನ್ಷಿಯಲ್ಸ್’. ಒಂದು ವಿಡಿಯೊ ನೋಡಿ ಅಡ್ಮಿನಿಸ್ಟ್ರೇಟರ್ ಆಕ್ಸೆಸ್ ಕೊಟ್ಟೆ, ಆದರೂ ಅದೇ ಎರರ್.

ಮೊದಲು ಆ ಅಡ್ಮಿನ್ ಆಕ್ಸೆಸ್ ವಾಪಸ್ ತೆಗೆಯಿರಿ. ಪರ್ಮಿಷನ್ ಸಾಲದಿದ್ದರೆ ಇಸಿಆರ್ ‘ನಾಟ್ ಆಥರೈಸ್ಡ್’ ಎಂದು, ಯಾವ ಕೆಲಸಕ್ಕೆ ಅನುಮತಿ ಇಲ್ಲವೆಂಬುದನ್ನೂ ಹೆಸರು ಹಿಡಿದು ಹೇಳುತ್ತದೆ. ನಿಮಗೆ ಬಂದಿರುವುದು ಬೇರೆ ದೂರು: ನೀವು ಪುಶ್ ಮಾಡುತ್ತಿರುವ ವಿಳಾಸಕ್ಕೆ ಡಾಕರ್ ಬಳಿ ಪಾಸ್‌ವರ್ಡ್ ಇಲ್ಲ.

ಇಸಿಆರ್‌ಗೆ ಹೋಗುವ ಇಮೇಜ್‌ನ ಹೆಸರಿನಲ್ಲಿ ಮೊದಲ ಓರೆಗೆರೆಯವರೆಗಿನ ಭಾಗವೇ ರಿಜಿಸ್ಟ್ರಿಯ ವಿಳಾಸ. ಇಸಿಆರ್‌ನಲ್ಲಿ ಅದರೊಳಗೆ 12 ಅಂಕಿಯ ಅಕೌಂಟ್ ಸಂಖ್ಯೆಯೂ ರೀಜನ್ನೂ (ಸರ್ವರ್‌ಗಳಿರುವ ಪ್ರದೇಶ) ಇರುತ್ತವೆ. ಮುಂಬೈಗೆ (ಎಪಿ-ಸೌತ್-1) ಲಾಗಿನ್ ಆಗಿ, ವರ್ಜೀನಿಯಾದ (ಯುಎಸ್-ಈಸ್ಟ್-1) ವಿಳಾಸವಿರುವ ಟ್ಯಾಗ್ ಪುಶ್ ಮಾಡಿದರೆ ಇದೇ ಎರರ್. ಟ್ಯುಟೋರಿಯಲ್‌ನಿಂದ ಕಾಪಿ ಮಾಡಿದವರ ಕಥೆ ಸಾಮಾನ್ಯವಾಗಿ ಇಷ್ಟೇ. ಪಾಸ್‌ವರ್ಡ್ ತರುವ ‘ಗೆಟ್-ಲಾಗಿನ್-ಪಾಸ್‌ವರ್ಡ್’ ಕಮಾಂಡ್‌ಗೆ ಕೊಟ್ಟ ರೀಜನ್, ‘ಡಾಕರ್ ಲಾಗಿನ್’ನ ವಿಳಾಸ, ಟ್ಯಾಗ್‌ನ ವಿಳಾಸ ಮೂರನ್ನೂ ಒಂದರ ಕೆಳಗೊಂದು ಬರೆದು ಅಕ್ಷರಕ್ಕೆ ಅಕ್ಷರ ಹೋಲಿಸಿ. ಯೂಸರ್‌ನೇಮ್ ಯಾವಾಗಲೂ ಎಡಬ್ಲ್ಯೂಎಸ್ ಎಂದೇ ಇರಬೇಕು, ಅದೂ ಕ್ಯಾಪಿಟಲ್ ಅಕ್ಷರಗಳಲ್ಲಿ. ನಿಮ್ಮ ಐಎಎಮ್ ಹೆಸರಿಗೆ (ಎಡಬ್ಲ್ಯೂಎಸ್‌ನಲ್ಲಿ ನಿಮಗಿರುವ ಬಳಕೆದಾರರ ಹೆಸರು) ಅಲ್ಲಿ ಕೆಲಸವಿಲ್ಲ.

ಎರಡನೇ ಅನುಮಾನ ಸುಡೊ ಮೇಲೆ, ಅಂದರೆ ಕಮಾಂಡನ್ನು ರೂಟ್ (ಲಿನಕ್ಸ್‌ನ ಮುಖ್ಯ ಬಳಕೆದಾರ) ಆಗಿ ಓಡಿಸುವುದರ ಮೇಲೆ. ಸುಡೊ ಇಲ್ಲದೆ ಲಾಗಿನ್ ಆದರೆ ಗುರುತು ನಿಮ್ಮ ಹೋಮ್ ಡೈರೆಕ್ಟರಿಯ ಡಾಕರ್ ಕಾನ್ಫಿಗ್‌ನಲ್ಲಿ ಉಳಿಯುತ್ತದೆ. ಆಮೇಲೆ ಸುಡೊ ಹಾಕಿ ಪುಶ್ ಮಾಡಿದರೆ ಡಾಕರ್ ಹುಡುಕುವುದು ರೂಟ್‌ನ ಕಾನ್ಫಿಗ್‌ನಲ್ಲಿ. ಅಲ್ಲೇನಿದೆ? ಎರಡಕ್ಕೂ ಹಾಕಿ, ಇಲ್ಲವೇ ಎರಡಕ್ಕೂ ಬಿಡಿ.

ನಿನ್ನೆ ಸರಿಯಾಗಿದ್ದುದು ಇಂದು ಕೆಟ್ಟಿದ್ದರೆ ಟೋಕನ್ (ಲಾಗಿನ್‌ಗೆ ಪಡೆದ ತಾತ್ಕಾಲಿಕ ಪಾಸ್‌ವರ್ಡ್) ಮುಗಿದಿದೆ. ಅದರ ಆಯಸ್ಸು 12 ಗಂಟೆ. ಸಿಐ ಪೈಪ್‌ಲೈನ್‌ನಲ್ಲಿ (ಬಿಲ್ಡ್, ಪುಶ್ ತಾನಾಗಿ ನಡೆಸುವ ವ್ಯವಸ್ಥೆ) ಅದನ್ನು ಸೀಕ್ರೆಟ್ ಮಾಡಿ ಕೂಡಿಡಬೇಡಿ, ಪ್ರತಿ ಓಟದಲ್ಲೂ ಹೊಸದಾಗಿ ಪಡೆಯಿರಿ.

ಇದು ದಾಟಿದ ಮೇಲೆ ಪುಶ್ ‘ರಿಟ್ರೈಯಿಂಗ್’ ಎನ್ನುತ್ತ ಕೊನೆಗೆ ಸೋತರೆ, ಅಥವಾ ‘ನೇಮ್ ಅನ್‌ನೋನ್’ ಎಂದರೆ, ಸಾಮಾನ್ಯವಾಗಿ ಆ ಹೆಸರಿನ ರೆಪೊಸಿಟರಿಯೇ (ರಿಜಿಸ್ಟ್ರಿಯೊಳಗೆ ಒಂದು ಇಮೇಜ್‌ನ ಆವೃತ್ತಿಗಳಿಗೆ ಮೀಸಲಾದ ಜಾಗ) ಇಲ್ಲ. ಡಾಕರ್ ಹಬ್‌ನಲ್ಲಿ ತಾನಾಗಿ ಹುಟ್ಟಿತೆಂದು ಇಲ್ಲೂ ಕಾಯಬೇಡಿ, ಮೊದಲೇ ಮಾಡಿಡಿ. ‘ಅಂಗಡಿ/ವೆಬ್’, ‘ಅಂಗಡಿ/ಎಪಿಐ’ ಇಲ್ಲಿ ಎರಡು ಬೇರೆ ರೆಪೊಸಿಟರಿಗಳು, ‘ಅಂಗಡಿ’ ಒಂದನ್ನೇ ಮಾಡಿದರೆ ಸಾಲದು. ಪುಶ್‌ಗೆ ಎಡಬ್ಲ್ಯೂಎಸ್‌ನದೇ ‘ಪವರ್‌ಯೂಸರ್’ ಎಂಬ ಇಸಿಆರ್ ಪಾಲಿಸಿ (ಅನುಮತಿಗಳ ಪಟ್ಟಿ) ಸಾಕು. ಹೊಸ ರೆಪೊಸಿಟರಿ ಮಾಡುವ ಹಕ್ಕು ಅದರಲ್ಲಿಲ್ಲ, ಇಲ್ಲದಿರುವುದೇ ಒಳ್ಳೆಯದು. ನೀವೇ ಪಾಲಿಸಿ ಬರೆಯುವುದಾದರೆ ‘ಗೆಟ್ ಆಥರೈಸೇಷನ್ ಟೋಕನ್’ (ಟೋಕನ್ ಪಡೆಯುವ ಅನುಮತಿ) ಎಂಬುದರ ರಿಸೋರ್ಸ್ ಜಾಗದಲ್ಲಿ ನಕ್ಷತ್ರ ಚಿಹ್ನೆಯೇ (*) ಇರಬೇಕು. ಅಲ್ಲಿ ರೆಪೊಸಿಟರಿಯ ಹೆಸರು ಹಾಕಿದರೆ ಲಾಗಿನ್ನೇ ಆಗದು.

ಪ್ರಶ್ನೆ: ರಗಳೆಯೇ ಬೇಡವೆಂದು ರೆಪೊಸಿಟರಿಯನ್ನು ಪಬ್ಲಿಕ್ ಮಾಡಿಬಿಡಲೇ?

ಬೇಡ. ಪಬ್ಲಿಕ್ ಮಾಡಿದರೂ ಪುಶ್‌ಗೆ ಲಾಗಿನ್ ತಪ್ಪದು.

ಪ್ರಶ್ನೆ: ಗೂಗಲ್ ಕಂಟೇನರ್ ರಿಜಿಸ್ಟ್ರಿ ಕಲಿಯುತ್ತಿದ್ದೇನೆ...

ಅದು 2025ರ ಮಾರ್ಚ್ 18ಕ್ಕೆ ಮುಚ್ಚಿತು. ಅದರ ಜಾಗಕ್ಕೆ ಗೂಗಲ್ ತಂದ ಆರ್ಟಿಫ್ಯಾಕ್ಟ್ ರಿಜಿಸ್ಟ್ರಿ ಕಲಿಯಿರಿ.

ಪ್ರಶ್ನೆ: ಎರಡೇ ಇಮೇಜ್ ಇಟ್ಟಿದ್ದೇನೆ, ಬಿಲ್ ಮಾತ್ರ ಏರುತ್ತಿದೆ.

ಎರಡಲ್ಲ. ‘ಲೇಟೆಸ್ಟ್’ ಟ್ಯಾಗ್‌ಗೆ ಪ್ರತಿಸಲ ಪುಶ್ ಮಾಡಿದಾಗಲೂ ಹಳೆಯದು ಟ್ಯಾಗ್ ಕಳೆದುಕೊಂಡು ಅಲ್ಲೇ ಬಿದ್ದಿರುತ್ತದೆ. ಟ್ಯಾಗ್ ಇಲ್ಲದವು 7 ದಿನಕ್ಕೆ ಅಳಿಯುವಂತೆ ಲೈಫ್‌ಸೈಕಲ್ ಪಾಲಿಸಿ ಹಾಕಿ. ಜಾರಿಗೆ ತರುವ ಮೊದಲು ಪ್ರಿವ್ಯೂ ನೋಡಲೇಬೇಕು, ಯಾವ ಇಮೇಜ್ ಪ್ರೊಡಕ್ಷನ್‌ನಲ್ಲಿ ಓಡುತ್ತಿದೆ ಎಂಬುದು ಆ ಪಾಲಿಸಿಗೆ ಗೊತ್ತಿಲ್ಲ.

ಪ್ರಶ್ನೆ: ಮ್ಯಾಕ್‌ಬುಕ್‌ನಲ್ಲಿ ಓಡುವ ಇಮೇಜ್ ಸರ್ವರ್‌ನಲ್ಲಿ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಕೊಡುತ್ತದೆ. ರಿಜಿಸ್ಟ್ರಿ ಇಮೇಜನ್ನು ಕೆಡಿಸುತ್ತದೆಯೇ?

ರಿಜಿಸ್ಟ್ರಿಗೂ ಇದಕ್ಕೂ ಸಂಬಂಧವಿಲ್ಲ. ನಿಮ್ಮದು ಆರ್ಮ್ ಚಿಪ್, ಸರ್ವರ್‌ನದು ಎಎಮ್‌ಡಿ64 (ಇಂಟೆಲ್, ಎಎಮ್‌ಡಿ ಬಗೆಯ ಚಿಪ್); ಒಂದಕ್ಕೆ ಬಿಲ್ಡ್ ಮಾಡಿದ್ದು ಇನ್ನೊಂದರಲ್ಲಿ ಓಡದು. ಬಿಲ್ಡ್ ಮಾಡುವಾಗ ಪ್ಲಾಟ್‌ಫಾರ್ಮ್ ‘ಲಿನಕ್ಸ್/ಎಎಮ್‌ಡಿ64’ ಎಂದು ಕೊಟ್ಟು ಮತ್ತೆ ಪುಶ್ ಮಾಡಿ. ಹೊಸ ಟ್ಯಾಗ್ ಹಾಕಿ, ಇಲ್ಲವಾದರೆ ಸರ್ವರ್ ತನ್ನಲ್ಲಿ ಆಗಲೇ ಇರುವ ಹಳೆಯದನ್ನೇ ಓಡಿಸಬಹುದು.