ಅಪ್ಪ ಕೊಡಿಸಿದ ದೊಡ್ಡ ಬೀಗ ಸಾಕಾ?

"ಮೊದಲ ಸಲ ಮನೆ ಬಿಟ್ಟು ಯೂನಿವರ್ಸಿಟಿ ಹಾಸ್ಟೆಲ್‌ಗೆ ಹೋಗುತ್ತಿದ್ದೇನೆ. ಅಪ್ಪ ಒಂದು ದೊಡ್ಡ ಬೀಗ ಕೊಡಿಸಿದ್ದಾರೆ. ಅಮ್ಮನಿಗೆ ಇನ್ನೂ ಸಮಾಧಾನ ಇಲ್ಲ. ಬೇರೆ ಏನೇನು ನೋಡಿಕೊಳ್ಳಬೇಕು?" ಅಂತ ಕೇಳಿದ್ದೀರಿ.

ಬೀಗ ತಗೊಂಡು ಹೋಗಿ, ಬೇಕಾಗುತ್ತದೆ. ನಾನು ಐದು ವರ್ಷ ಹಾಸ್ಟೆಲ್‌ನಲ್ಲಿದ್ದೆ. ಕೊನೆಯ ಎರಡು ವರ್ಷ ನಮ್ಮ ಮಹಡಿಯ ಉಸ್ತುವಾರಿಯೂ ನನ್ನ ತಲೆಗೇ ಬಿದ್ದಿತ್ತು. ಆಗ ನನ್ನ ಹತ್ತಿರ ಬಂದ ಕಳವಿನ ದೂರುಗಳಲ್ಲಿ ಬೀಗ ಒಡೆದದ್ದು ಒಂದೂ ಇರಲಿಲ್ಲ. ಎಲ್ಲವೂ ಸುಮ್ನೆ ಎಳೆದುಕೊಂಡು ಹೋದ ಬಾಗಿಲಿನ ಕಥೆಗಳೇ.

ಹಾಗೆ ಕಳೆದುಕೊಂಡವರಲ್ಲಿ ನಾನೂ ಒಬ್ಬ. ಮೊದಲ ವರ್ಷ, ಪರೀಕ್ಷೆಗೆ ಎರಡು ವಾರ ಇತ್ತು. ಸ್ನಾನಕ್ಕೆ ಹೋದೆ. ಹತ್ತು ನಿಮಿಷದ ಕೆಲಸ, ಬೀಗ ಯಾಕೆ ಅಂತ ಬಾಗಿಲು ಎಳೆದುಕೊಂಡೆ, ಅಷ್ಟೆ. ವಾಪಸ್ ಬಂದಾಗ ಚಾರ್ಜರ್ ವೈರ್ ಮೇಜಿನಿಂದ ಕೆಳಗೆ ನೇತಾಡುತ್ತಿತ್ತು, ಅದರ ತುದಿಯ ದೀಪ ಇನ್ನೂ ಉರಿಯುತ್ತಿತ್ತು. ಲ್ಯಾಪ್‌ಟಾಪ್ ಇದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಮಾತ್ರ ಉಳಿದಿತ್ತು. ಪಕ್ಕದ ರೂಮಿನವನು ಕಳ್ಳನನ್ನು ನೋಡಿದ್ದ. "ಹೌದು, ಬ್ಯಾಗ್ ಹಾಕಿಕೊಂಡು ಒಬ್ಬ ಹೋದ. ಯಾರದೋ ಫ್ರೆಂಡ್ ಇರಬೇಕು ಅಂದುಕೊಂಡೆ" ಅಂದ. ಆಮೇಲೆ ಕ್ಯಾಮೆರಾದಲ್ಲಿ ಗೊತ್ತಾಯಿತು, ಅವನಿಗೆ ಮುಖ್ಯ ಬಾಗಿಲು ತೆರೆದು ಹಿಡಿದವನು ನಮ್ಮವನೇ. ಕೈಯಲ್ಲಿ ಎರಡು ಚೀಲ ಹಿಡಿದು ನಿಂತವರನ್ನು ನೋಡಿದರೆ ಯಾರಾದರೂ ಬಾಗಿಲು ಹಿಡಿಯುತ್ತಾರೆ, ಅಲ್ವಾ?

ಪೊಲೀಸರು ಸೀರಿಯಲ್ ನಂಬರ್ ಕೇಳಿದರು. ನನ್ನ ಹತ್ತಿರ ಇರಲಿಲ್ಲ. ಡಬ್ಬಿಯನ್ನು ಯಾವತ್ತೋ ಎಸೆದಿದ್ದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಅಂದಿನಿಂದ ಹಲ್ಲುಜ್ಜೋಕೆ ಹೋದರೂ ಬೀಗ ಹಾಕುತ್ತಿದ್ದೆ.

ನೀವು ಹೋಗುವ ಮೊದಲೇ ಒಂದು ಕೆಲಸ ಮಾಡಿ. ಲ್ಯಾಪ್‌ಟಾಪ್ ತಿರುಗಿಸಿ, ಹಿಂದಿರುವ ಸೀರಿಯಲ್ ನಂಬರಿನ ಫೋಟೋ ತೆಗೆಯಿರಿ. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ನಂಬರ್, ಅಂದರೆ ಆ ಫೋನಿನ ಗುರುತಿನ ನಂಬರ್ ಬರುತ್ತದೆ. ಅದನ್ನೂ ಬಿಲ್ಲುಗಳನ್ನೂ ಮನೆಯವರಿಗೆ ಕಳಿಸಿಡಿ. ಆ ಫೋನಿನಲ್ಲೇ ಇಟ್ಟುಕೊಂಡರೆ ಫೋನಿನ ಜೊತೆ ಅದೂ ಹೋಗುತ್ತದೆ. ಕಳೆದ ಫೋನ್ ಹುಡುಕುವ ಸೌಲಭ್ಯವನ್ನು ಈಗಲೇ ಆನ್ ಮಾಡಿ. ಓದಿನ ಫೈಲುಗಳಿಗೆ ಇನ್ನೊಂದು ಕಡೆ ಪ್ರತಿ ಇರಲಿ. ನನಗೆ ಲ್ಯಾಪ್‌ಟಾಪ್‌ಗಿಂತ ಜಾಸ್ತಿ ಹೊಟ್ಟೆ ಉರಿದದ್ದು ಅದರೊಳಗಿದ್ದ ಪ್ರಾಜೆಕ್ಟ್ ವರದಿಗೆ. ಇನ್ಶೂರೆನ್ಸ್ ಇದ್ದರೆ ಷರತ್ತು ಓದಿ. ಬಾಗಿಲು ತೆರೆದಿದ್ದಾಗ ಆದ ಕಳವಿಗೆ ಎಷ್ಟೋ ಪಾಲಿಸಿಗಳು ದುಡ್ಡು ಕೊಡುವುದಿಲ್ಲ.

ಮುಖ್ಯ ಬಾಗಿಲಿನ ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಲೇಬೇಕು. ಹಿಂದೆ ಬಂದವರು ಗೊತ್ತಿಲ್ಲದವರಾದರೆ "ಯಾರನ್ನ ನೋಡಬೇಕಿತ್ತು? ಒಂದು ಫೋನ್ ಮಾಡಿ, ಅವರೇ ಬಂದು ಕರ್ಕೊಂಡು ಹೋಗ್ತಾರೆ" ಅನ್ನಿ. ನಿಜವಾಗಿ ಬಂದ ಅತಿಥಿ ಬೇಜಾರು ಮಾಡಿಕೊಳ್ಳುವುದಿಲ್ಲ. ಅಷ್ಟು ಹೇಳೋಕೂ ಸಂಕೋಚವಾದರೆ ಸೆಕ್ಯುರಿಟಿಯವರಿಗೆ ತಿಳಿಸಿ. ಅಡ್ಡ ನಿಂತು ತಡೆಯೋಕೆ ಹೋಗಬೇಡಿ, ಅದು ನಿಮ್ಮ ಕೆಲಸ ಅಲ್ಲ. ಬಾಗಿಲು ತೆರೆಯುವ ಕಾರ್ಡ್ ಕಳೆದರೆ "ಎಲ್ಲೋ ಇರುತ್ತೆ, ನಾಳೆ ಸಿಗುತ್ತೆ" ಅಂತ ಕೂರದೆ ಅವತ್ತೇ ಹೇಳಿ ಬಂದ್ ಮಾಡಿಸಿ. ಕೀ ಗೊಂಚಲಿನ ಮೇಲೆ ರೂಮ್ ನಂಬರ್ ಬರೆದು ನೇತುಹಾಕಬೇಡಿ. ರೂಮು ನೆಲಮಹಡಿಯಲ್ಲಿದ್ದರೆ ಕಿಟಕಿಯನ್ನೂ ಬಾಗಿಲು ಅಂತಲೇ ಲೆಕ್ಕ ಹಾಕಿ.

ಇಷ್ಟು ಕಳ್ಳರ ವಿಷಯ. ಮನೆಯವರು ಹೆದರುವುದು ಇದಕ್ಕೇ. ನಾನು ಹೆದರಿದ್ದು ಬೆಂಕಿಗೆ.

ನಮ್ಮ ಕಾರಿಡಾರ್‌ನ ಮಧ್ಯೆ ತಾನಾಗಿ ಮುಚ್ಚಿಕೊಳ್ಳುವ ಒಂದು ದಪ್ಪ ಬಾಗಿಲಿತ್ತು. ಪ್ರತಿ ಸಲ ತಳ್ಳೋದು ತಲೆನೋವು ಅಂತ ಯಾರೋ ಅದರ ಕೆಳಗೆ ಹಳೇ ಶೂ ಸಿಕ್ಕಿಸಿದ್ದರು. ಆ ಬಾಗಿಲು ಇರುವುದೇ ಹೊಗೆ ತಡೆಯಲು. ಬೆಂಕಿ ಬಿದ್ದಾಗ ಉರಿಗಿಂತ ಮೊದಲು ಜೀವ ತೆಗೆಯುವುದು ಹೊಗೆ, ಮಲಗಿದ್ದವರಿಗೆ ಅದು ಬಂದದ್ದೂ ಗೊತ್ತಾಗುವುದಿಲ್ಲ. ನಾನು ದಿನಾ ಆ ಶೂ ತೆಗೆಯುತ್ತಿದ್ದೆ, ಮರುದಿನ ಅದು ಮತ್ತೆ ಅಲ್ಲೇ ಇರುತ್ತಿತ್ತು. ಯಾರದು ಅಂತ ಇವತ್ತಿಗೂ ಗೊತ್ತಿಲ್ಲ. ಇನ್ನೊಬ್ಬ ಮಹಾಶಯ ಸಿಗರೇಟ್ ಸೇದಲು ಸ್ಮೋಕ್ ಡಿಟೆಕ್ಟರ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದ. ಅವನ ರೂಮ್‌ಮೇಟ್ ಅದರ ಕೆಳಗೇ ಮಲಗುತ್ತಿದ್ದ, ಪಾಪ.

ಎಕ್ಸ್‌ಟೆನ್ಷನ್ ಬೋರ್ಡಿನ ಲೆಕ್ಕ ಒಂದು ಸಲ ಮಾಡಿ ನೋಡಿ. ಬೋರ್ಡ್ ಹಿಂದೆ ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ. 6 ಆಂಪಿಯರ್ ಇದ್ದರೆ, 230 ವೋಲ್ಟ್‌ನಲ್ಲಿ ಅದು ತಾಳುವುದು 1,380 ವ್ಯಾಟ್. ಲ್ಯಾಪ್‌ಟಾಪ್ ಚಾರ್ಜರ್ 65 ವ್ಯಾಟ್ ಆಸುಪಾಸು, ಏನೂ ತೊಂದರೆ ಇಲ್ಲ. ಆದರೆ ನೀರು ಕಾಯಿಸುವ ಕೆಟಲ್ ಒಂದೇ 1,500 ವ್ಯಾಟ್ ಎಳೆಯಬಹುದು. ಅದರ ಜೊತೆ ಇಸ್ತ್ರಿಪೆಟ್ಟಿಗೆಯನ್ನೂ ಸಿಕ್ಕಿಸಿದರೆ ಬೋರ್ಡ್ ಒಳಗೊಳಗೇ ಕಾದು ಕರಗುತ್ತದೆ. ಒಂದು ಬೋರ್ಡಿಗೆ ಇನ್ನೊಂದು ಬೋರ್ಡ್ ಸಿಕ್ಕಿಸುವುದಂತೂ ಬೇಡವೇ ಬೇಡ. ಫೋನನ್ನು ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಬೇಡಿ. ಉಬ್ಬಿದ ಬ್ಯಾಟರಿ ಕಂಡರೆ ಅವತ್ತೇ ಬಳಸೋದು ನಿಲ್ಲಿಸಿ.

ಅಡುಗೆಮನೆ ಇದ್ದರೆ, ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಹಾಕಬೇಡಿ. ನೀರು ಹಬೆಯಾದಾಗ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಿ, ತಣ್ಣಗಾಗುವ ತನಕ ತೆಗೆಯಬೇಡಿ. ಒಲೆಯೋ ಮುಚ್ಚಳವೋ ಕೈಗೆಟುಕದ ಹಾಗಿದ್ದರೆ ಹೊರಗೆ ಓಡಿ, ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು.

ಹೋದ ಮೊದಲ ದಿನವೇ ರೂಮಿನಿಂದ ಮೆಟ್ಟಿಲಿಗೆ ಎಷ್ಟು ಬಾಗಿಲು ದಾಟಬೇಕು ಎಣಿಸಿಕೊಳ್ಳಿ. ನನ್ನದು ಏಳು, ಈಗಲೂ ನೆನಪಿದೆ. ಹೊಗೆಯಲ್ಲಿ ಕಣ್ಣು ಕಾಣದಿದ್ದಾಗ ಗೋಡೆ ಸವರಿಕೊಂಡು ಎಣಿಸಬಹುದು. ಅಲಾರಂ ಆದಾಗ ಬಾಗಿಲನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿ ಇದ್ದರೆ ತೆರೆಯಬೇಡಿ. ಕೆಳಗಿನ ಸಂದಿಗೆ ಬಟ್ಟೆ ತುರುಕಿ, ಸಾಧ್ಯವಾದರೆ ಒದ್ದೆ ಮಾಡಿ, ಕಿಟಕಿಯ ಹತ್ತಿರ ನಿಂತು ಫೋನ್ ಮಾಡಿ. ಲಿಫ್ಟ್ ಬೇಡ. ರಾತ್ರಿ ಎರಡು ಗಂಟೆಗೆ ಮೂರನೇ ಸಲ ಸುಳ್ಳು ಅಲಾರಂ ಆದಾಗ ಎದ್ದು ಹೋಗೋಕೆ ಯಾರಿಗೂ ಮನಸ್ಸು ಬರಲ್ಲ. ನಾನೂ ಒಂದು ಸಲ ಬೈಕೊಂಡು ಕಂಬಳಿ ಹೊದ್ದು ಮಲಗಿದ್ದೆ. ಅದು ಸುಳ್ಳೇ ಆಗಿತ್ತು, ನನ್ನ ಪುಣ್ಯ.

ಇನ್ನು ಅಮ್ಮ ಬಾಯಿಬಿಟ್ಟು ಹೇಳದ ಭಯ ಒಂದಿರುತ್ತದೆ. ಅಪರಿಚಿತರನ್ನು "ಬರಬೇಡಿ" ಅನ್ನೋದು ಸುಲಭ. ಅದೇ ಕಾರಿಡಾರ್‌ನಲ್ಲಿರುವ ಸೀನಿಯರ್‌ಗೋ, ರೂಮ್‌ಮೇಟ್‌ನ ಗೆಳೆಯನಿಗೋ ಹೇಳೋದು ಕಷ್ಟ. ಯಾರೇ ಆಗಲಿ, ನಿಮಗೆ ಇರಿಸುಮುರಿಸಾದರೆ ಬಾಗಿಲು ತೆರೆಯದೇ ಮಾತಾಡಬಹುದು. ಮೆಸೇಜ್ ಅಳಿಸಬೇಡಿ. ವಾರ್ಡನ್‌ಗೆ ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ, ತಾರೀಖು ಹಾಕಿ ಬರೆದುಕೊಡಿ. ಅವರು ತಳ್ಳಿಹಾಕಿದರೆ ಮೇಲಿನವರಿಗೆ ಅದೇ ಕಾಗದದ ಪ್ರತಿ ಕಳಿಸಿ. ಉಸ್ತುವಾರಿಯಲ್ಲಿದ್ದವನಾಗಿ ಹೇಳುತ್ತೇನೆ, ಬರೆದುಕೊಟ್ಟ ದೂರನ್ನು ಡ್ರಾಯರ್‌ಗೆ ಹಾಕೋಕೆ ಯಾರಿಗೇ ಆದರೂ ಧೈರ್ಯ ಬೇಕು.

ಈಗ ಅಪ್ಪನ ಬೀಗಕ್ಕೆ ಬರೋಣ. ಅದಕ್ಕೆ ಎಷ್ಟು ಕೀ ಬಂದಿವೆ ನೋಡಿ. ಒಂದು ನಿಮ್ಮದು, ಒಂದು ರೂಮ್‌ಮೇಟ್‌ಗೆ. ಮೂರನೆಯದು ಇದ್ದರೆ ಅದನ್ನು ಬಾಗಿಲ ಚೌಕಟ್ಟಿನ ಮೇಲೋ ಕಾಲೊರಸಿನ ಕೆಳಗೋ ಬಚ್ಚಿಡಬೇಡಿ, ಕಳ್ಳ ಮೊದಲು ಕೈಯಾಡಿಸುವುದು ಅಲ್ಲೇ. ಮತ್ತೆ, ಬೆಳಿಗ್ಗೆ ನೀವು ಕ್ಲಾಸಿಗೆ ಹೊರಟಾಗ ರೂಮ್‌ಮೇಟ್ ಇನ್ನೂ ಮಲಗಿದ್ದರೆ ಆ ಬೀಗವನ್ನು ಹೊರಗಿನಿಂದ ಹಾಕಬೇಡಿ. ಕೀ ಒಳಗಿದ್ದರೂ ಹೊರಗಿನ ಬೀಗ ತೆರೆಯೋಕೆ ಆಗಲ್ಲ. ಎಬ್ಬಿಸಿ, ಬೈಸಿಕೊಂಡರೂ ಪರವಾಗಿಲ್ಲ, ಒಳಗಿನಿಂದ ಚಿಲಕ ಹಾಕಿಕೋ ಅಂತ ಹೇಳಿ ಹೋಗಿ.