ಸೀನೋಸಿಟಿಕ್: ಉಚ್ಚಾರ, ಅರ್ಥ

ರೈಜೋಪಸ್ (ಬ್ರೆಡ್ಡಿನ ಮೇಲೆ ಬೆಳೆಯುವ ಬೂಷ್ಟು) ಪಾಠದಲ್ಲಿ ಬರುವ coenocytic ಎಂಬ ಪದವನ್ನು ನೀವು ‘ಕೋಯೆನೋಸೈಟಿಕ್’ ಎಂದು ಓದುತ್ತಿರುವುದು ಸ್ಪೆಲಿಂಗಿನ ಸಿ-ಓ-ಇ ನೋಡಿ. ಅಲ್ಲಿ ಓ-ಇ ಸೇರಿ ‘ಈ’ ಆಗುತ್ತದೆ, ಮುಂಚಿನ ಸಿ ‘ಸ’ ಆಗುತ್ತದೆ. ಸೀ-ನೋ-ಸಿ-ಟಿಕ್ ಎಂದು ಬಿಡಿಸಿ, ಮೂರನೆಯ ‘ಸಿ’ಗೆ ಒತ್ತು ಕೊಡಿ. ನಾಮಪದ ಸೀನೋಸೈಟ್.

ಅರ್ಥ ಹೀಗೆ: ನ್ಯೂಕ್ಲಿಯಸ್ (ಕೋಶಕೇಂದ್ರ) ಮತ್ತೆ ಮತ್ತೆ ವಿಭಜನೆಯಾಗುತ್ತದೆ, ನಡುವೆ ಗೋಡೆ ಮಾತ್ರ ಏಳುವುದಿಲ್ಲ. ಒಂದೇ ಕೋಶದ್ರವ್ಯದಲ್ಲಿ ಹಲವು ನ್ಯೂಕ್ಲಿಯಸ್‌ಗಳು ಉಳಿಯುತ್ತವೆ; ಇಂಥ ರಚನೆಯೇ ಸೀನೋಸೈಟ್. ಎಳನೀರು ಇದಕ್ಕೆ ಸೊಗಸಾದ ಉದಾಹರಣೆ: ಅದು ಗೋಡೆಗಳಿಲ್ಲದ ಭ್ರೂಣಾಹಾರ, ಗೋಡೆಗಳು ಮೂಡಿದ ಭಾಗವೇ ಗಂಜಿ (ಕಾಯಿಯೊಳಗಿನ ಎಳೆಯ ತಿರುಳು).

ಸ್ನಾಯುತಂತುವನ್ನು ಇದರೊಡನೆ ಸೇರಿಸಬೇಡಿ. ಅಲ್ಲಿ ಬೇರೆ ಬೇರೆ ಕೋಶಗಳು ಬೆಸೆದುಕೊಂಡಿರುತ್ತವೆ, ಅದು ಸಿನ್ಸಿಟಿಯಂ. ಪ್ರಾಕ್ಟಿಕಲ್‌ನಲ್ಲಿ ರೈಜೋಪಸ್ ಚಿತ್ರ ಬರೆಯುವಾಗ ಎಳೆಗಳಿಗೆ ಅಡ್ಡಗೋಡೆ ಹಾಕಬೇಡಿ; ಬೀಜಕಚೀಲದ (ಬೀಜಕಗಳು ಬೆಳೆಯುವ ಚೀಲ) ಬುಡದಲ್ಲಿರುವ ಗೋಡೆಯನ್ನು ಮಾತ್ರ ತೋರಿಸಿ.